ಕತ್ತಿಗಿಂತ ಮೊದಲು ಬಟ್ಟಲು ನೋಡಿ: ಜಪಾನಿನ ಯಾಕುಝಾ ಸಿನಿಮಾಗಳಿಗೊಂದು ದಾರಿ

ಯಾಕುಝಾ ಅಂದರೆ ಜಪಾನಿನ ಭೂಗತ ಗ್ಯಾಂಗುಗಳವರು. ಅವರ ಸಿನಿಮಾ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಬೆನ್ನು ತುಂಬ ಹಚ್ಚೆ, ತುಂಡಾದ ಕಿರುಬೆರಳು, ಗೋಡೆಗೆ ಸಿಡಿದ ರಕ್ತ. ಅವೆಲ್ಲ ಇದ್ದೇ ಇವೆ. ಆದರೆ ಅವನ್ನಷ್ಟೇ ಹುಡುಕಿಕೊಂಡು ಹೋದರೆ ಎರಡನೇ ಸಿನಿಮಾಕ್ಕೇ ಸಾಕಾಗಿಬಿಡುತ್ತದೆ.

ನನಗೆ ಹಾಗೇ ಆಗಿತ್ತು. ಯಾರೋ ಚೆನ್ನಾಗಿದೆ ಅಂದರು ಅಂತ ಒಂದು ರಾತ್ರಿ ನಿರ್ದೇಶಕ ತಕೆಶಿ ಕಿತಾನೊನ 'ಸೊನಾಟಿನ್' ಹಾಕಿಕೊಂಡು ಕೂತೆ. ಗ್ಯಾಂಗ್‌ವಾರ್ ನೋಡೋಣ ಅಂತ ಕಾಯುತ್ತಿದ್ದರೆ, ಬೆಳೆದ ಗಂಡಸರು ಸಮುದ್ರದ ದಂಡೆಯಲ್ಲಿ ಚಿಕ್ಕ ಮಕ್ಕಳ ಹಾಗೆ ಆಡುತ್ತಿದ್ದರು. ಅರ್ಧಕ್ಕೆ ಆರಿಸಿ ಮಲಗಿದೆ. ತಪ್ಪು ಸಿನಿಮಾದ್ದಲ್ಲ, ನಾನು ನೋಡಿದ ಕ್ರಮದ್ದು. ಕೊನೆಯಲ್ಲಿ ನೋಡಬೇಕಾದ್ದನ್ನು ಮೊದಲು ನೋಡಿದ್ದೆ.

ಆ ಕ್ರಮವನ್ನು ಇಲ್ಲಿ ಕೊಡುತ್ತಿದ್ದೇನೆ. ವಾರಕ್ಕೊಂದು ಸಿನಿಮಾ ಸಾಕು. ಒಂದು ಹಾಳೆ, ಒಂದು ಪೆನ್ನು ಹತ್ತಿರ ಇಟ್ಟುಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ, ನಿಜಕ್ಕೂ ಬೇಕಾಗುತ್ತದೆ.

ಹೆಜ್ಜೆ 1: ನಾಲ್ಕು ಮಾತು ಕಲಿತುಕೊಳ್ಳಿ

ಸಬ್‌ಟೈಟಲ್‌ನಲ್ಲಿ ಎಲ್ಲರೂ 'ಬಾಸ್', 'ಬ್ರದರ್' ಆಗಿಬಿಡುತ್ತಾರೆ. ಅಲ್ಲೇ ಅರ್ಧ ಕಥೆ ಸೋರಿಹೋಗುತ್ತದೆ. ಹಾಗಾಗಿ ಕಿವಿಗೆ ಸ್ವಲ್ಪ ತಯಾರಿ ಬೇಕು.

ಮೊದಲು 'ಯಾಕುಝಾ' ಅನ್ನುವ ಮಾತೇ ಇದೆಯಲ್ಲ, ಅದು ಜೂಜಿನಿಂದ ಬಂದದ್ದು. ಯಾ ಅಂದರೆ 8, ಕು ಅಂದರೆ 9, ಝಾ ಅಂದರೆ 3. ಹಳೆಯ ಒಂದು ಎಲೆಯಾಟದಲ್ಲಿ ಎಲೆಗಳ ಮೊತ್ತದ ಕೊನೆಯ ಅಂಕಿಯಷ್ಟೇ ಲೆಕ್ಕ. 8, 9, 3 ಕೂಡಿದರೆ 20. ಅಂದರೆ ಕೈಯಲ್ಲಿ ಇರುವುದು ಸೊನ್ನೆ. ಕೆಲಸಕ್ಕೆ ಬಾರದ ಎಲೆಗಳು. ತಮ್ಮನ್ನು ತಾವೇ 'ಸೊನ್ನೆ' ಅಂತ ಕರೆದುಕೊಳ್ಳುವ ಜನ ಮರ್ಯಾದೆಗಾಗಿ ಸಾಯುತ್ತಾರೆ. ಈ ಸಿನಿಮಾಗಳ ನೋವು ಮುಕ್ಕಾಲು ಪಾಲು ಹುಟ್ಟುವುದು ಅಲ್ಲಿಂದಲೇ.

ಎರಡನೆಯದು 'ಒಯಾಬುನ್' ಮತ್ತು 'ಕೊಬುನ್'. ಒಯಾ ಅಂದರೆ ಹೆತ್ತವರು, ಕೊ ಅಂದರೆ ಮಗು. ಗ್ಯಾಂಗು ಅನ್ನುವುದು ಇಲ್ಲಿ ಕಂಪನಿ ಅಲ್ಲ, ಕುಟುಂಬ. ಹಿರಿಯನನ್ನು 'ಅನಿಕಿ' ಅಂತಾರೆ, ನಮ್ಮ ಅಣ್ಣ. ಒಡೆಯನ ಸಮಾನಸ್ಕಂಧರನ್ನು 'ಒಜಿಕಿ' ಅಂತಾರೆ, ಚಿಕ್ಕಪ್ಪ ಅಂದುಕೊಳ್ಳಿ. ಈ ಚಿಕ್ಕಪ್ಪಂದಿರ ಮೇಲೆ ಒಂದು ಕಣ್ಣಿಡಿ. ಮನೆ ಮುರಿಯುವುದು ಸಾಮಾನ್ಯವಾಗಿ ಇವರೇ.

ಮೂರನೆಯದು 'ಗಿರಿ' ಮತ್ತು 'ನಿಂಜೊ'. ಪುಸ್ತಕಗಳಲ್ಲಿ ಕರ್ತವ್ಯ, ಮಾನವೀಯ ಭಾವನೆ ಅಂತ ಏನೇನೋ ಬರೆದಿರುತ್ತಾರೆ. ಕನ್ನಡದಲ್ಲಿ ಇದಕ್ಕೆ ಇನ್ನೂ ಸರಿಯಾದ ಮಾತಿದೆ: ಋಣ ಮತ್ತು ಕರುಳು. ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತೇವಲ್ಲ, ಅದು ಗಿರಿ. ಆ ಮನೆಯವರು ನಿನ್ನ ಗೆಳೆಯನನ್ನೇ ಹೊಡೆದು ಬಾ ಅಂದಾಗ ಒಳಗೆ ಕಿವುಚುತ್ತದಲ್ಲ, ಅದು ನಿಂಜೊ.

ನಾಲ್ಕನೆಯದು 'ಸಕಾಝುಕಿ'. 'ಸಾಕೆ' ಅನ್ನುವ ಅಕ್ಕಿಯ ಮದ್ಯ ಕುಡಿಯುವ ಚಿಕ್ಕ ಬಟ್ಟಲು. ಒಡೆಯ ಕೊಟ್ಟ ಬಟ್ಟಲಿನಿಂದ ಕುಡಿದರೆ ಮಗ ಆದ ಹಾಗೆ. ಕುಡಿದಾದ ಮೇಲೆ ಬಟ್ಟಲನ್ನು ಕಾಗದದಲ್ಲಿ ಸುತ್ತಿ ಎದೆಯ ಹತ್ತಿರ ಬಟ್ಟೆಯೊಳಗೆ ಇಟ್ಟುಕೊಳ್ಳುತ್ತಾರೆ. ಅಣ್ಣತಮ್ಮಂದಿರಾಗುವಾಗ ಇನ್ನೂ ನಾಜೂಕು. ಸರಿಸಮ ಆದರೆ ಐದಕ್ಕೆ ಐದು ಪಾಲು. ಒಬ್ಬ ಸ್ವಲ್ಪ ಮೇಲು ಅಂದರೆ ಆರು–ನಾಲ್ಕು. ಜಾಸ್ತಿ ಮೇಲು ಅಂದರೆ ಏಳು–ಮೂರು. ಬಂಧ ಮುರಿಯಬೇಕಾದರೆ ಬಟ್ಟಲನ್ನು ವಾಪಸ್ ಕೊಡುತ್ತಾರೆ. ತಾಳಿಯಷ್ಟೇ ತೂಕ ಇದಕ್ಕೆ.

ಯಾವ ಸಿನಿಮಾ ನೋಡಿದರೂ ಕತ್ತಿ ಯಾರ ಕೈಲಿದೆ ಅಂತ ನೋಡುವುದಕ್ಕಿಂತ ಬಟ್ಟಲು ಯಾರು ಯಾರಿಗೆ ಕೊಟ್ಟರು ಅಂತ ನೋಡಿ. ಯಾರು ಯಾಕೆ ಸಾಯುತ್ತಾರೆ ಅನ್ನುವುದು ಅಲ್ಲೇ ತೀರ್ಮಾನ ಆಗಿರುತ್ತದೆ.

ಹೆಜ್ಜೆ 2: ಮೊದಲು ಹಳೆಯದನ್ನು ನಂಬಿ

ತುಂಬಾ ಜನ ನೇರವಾಗಿ 70ರ ದಶಕದ ಒರಟು ಸಿನಿಮಾಗಳಿಗೆ ಹಾರುತ್ತಾರೆ. ಬೇಡ. ಒಂದು ನಂಬಿಕೆ ಒಡೆಯುವುದನ್ನು ನೋಡಬೇಕಾದರೆ ಮೊದಲು ನೀವೂ ಅದನ್ನು ಸ್ವಲ್ಪ ಹೊತ್ತಾದರೂ ನಂಬಿರಬೇಕು, ಅಲ್ವಾ?

1963ರ ಸುಮಾರಿಗೆ ಶುರುವಾಗಿ ಹತ್ತು ವರ್ಷ ತೊಯೆ ಸ್ಟುಡಿಯೋ 'ನಿಂಕ್ಯೊ' ಅನ್ನುವ ಬಗೆಯ ಸಿನಿಮಾಗಳನ್ನು ಒಂದರ ಹಿಂದೆ ಒಂದು ತೆಗೆಯಿತು. ಕಥೆ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ಎರಡನೇ ಮಹಾಯುದ್ಧಕ್ಕಿಂತ ಹಿಂದಿನ ಕಾಲ. ನೀತಿ ಬಿಡದ ಹಳೆಯ ಗುಂಪು ಒಂದು ಕಡೆ. ದುಡ್ಡಿನ ಆಸೆಗೆ ಗುತ್ತಿಗೆದಾರರ, ರಾಜಕಾರಣಿಗಳ ಜೊತೆ ಸೇರಿದ ಹೊಸ ಗುಂಪು ಇನ್ನೊಂದು ಕಡೆ. ನಾಯಕ ಸಹಿಸುತ್ತಾನೆ, ಸಹಿಸುತ್ತಾನೆ, ಇನ್ನೂ ಸಹಿಸುತ್ತಾನೆ. ಕೊನೆಯ ಹತ್ತು ನಿಮಿಷದಲ್ಲಿ ರಾತ್ರಿ ಬೀದಿಯಲ್ಲಿ ನಡೆದು ಹೋಗುತ್ತಾನೆ, ಹಿಂದೆ ಹಾಡು ಬರುತ್ತದೆ, ಆಮೇಲೆ ಕತ್ತಿ. ಕೆನ್ ತಕಾಕುರಾ ಈ ನಡಿಗೆಯಿಂದಲೇ ಜಪಾನಿನ ದೊಡ್ಡ ಸ್ಟಾರ್ ಆದ.

ಪಿಕ್ಚರ್ ನೋಡಲು ಬರುತ್ತಿದ್ದವರು ಕೂಲಿಗಳು, ಲಾರಿ ಡ್ರೈವರ್‌ಗಳು ಮಾತ್ರ ಅಲ್ಲ. 1968ರಲ್ಲಿ ಬೀದಿಗಿಳಿದಿದ್ದ ಎಡಪಂಥದ ವಿದ್ಯಾರ್ಥಿಗಳೂ ರಾತ್ರಿಯಿಡೀ ಈ ಸಿನಿಮಾಗಳನ್ನೇ ನೋಡುತ್ತಿದ್ದರು. ಆ ವರ್ಷ ಟೋಕಿಯೋ ವಿಶ್ವವಿದ್ಯಾಲಯದ ಹಬ್ಬದ ಪೋಸ್ಟರ್‌ನಲ್ಲಿ ಬೆನ್ನಿಗೆ ಹಚ್ಚೆ ಹಾಕಿಸಿಕೊಂಡ ಯಾಕುಝಾ ರೂಪದ ಹುಡುಗ ನಿಂತಿದ್ದ. ಹಚ್ಚೆ ಯಾವುದು ಗೊತ್ತಾ? ವಿಶ್ವವಿದ್ಯಾಲಯದ ಲಾಂಛನವಾದ ಗಿಂಕ್ಗೊ ಎಲೆ.

ಶುರು ಮಾಡಲು ಎರಡು ಸಿನಿಮಾ ಹೇಳುತ್ತೇನೆ. ಹಗುರವಾಗಿ ಬೇಕಿದ್ದರೆ 1968ರ 'ಹಿಬೋತಾನ್ ಬಕುತೊ'. ಜುಂಕೊ ಫುಜಿ ಆಡಿದ ಜೂಜುಗಾತಿ ಒರ್ಯು ಇದರ ನಾಯಕಿ. ಸಿನಿಮಾ ತೆರೆದುಕೊಳ್ಳುವುದೇ ಅವಳ ಪರಿಚಯದಿಂದ. ಮೊಣಕಾಲು ಬಗ್ಗಿಸಿ, ಅಂಗೈ ಮುಂದೆ ಚಾಚಿ, ಊರು ಯಾವುದು, ಹೆಸರೇನು ಅಂತ ಲಯಬದ್ಧವಾಗಿ ಹೇಳುತ್ತಾಳೆ. ಹೊಸ ಊರಿಗೆ ಬಂದ ಯಾಕುಝಾ ಹೀಗೆ ತನ್ನನ್ನು ಒಪ್ಪಿಸಿಕೊಳ್ಳಬೇಕಿತ್ತು. ಯಾಕುಝಾಗಳ ನೀತಿಗೆ 'ಜಿಂಗಿ' ಅಂತಾರೆ, ಈ ಪರಿಚಯಕ್ಕೂ ಅದೇ ಹೆಸರು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡನೆಯದು, ನನ್ನ ಲೆಕ್ಕದಲ್ಲಿ ಬಿಡಲೇಬಾರದ್ದು, ಅದೇ 1968ರ 'ಬಕುಚಿಉಚಿ: ಸೋಚೊ ತೊಬಾಕು'. ನಿರ್ದೇಶಕ ಕೊಸಾಕು ಯಮಶಿತಾ. ಬರೆದವನು ಕಝುವೊ ಕಸಹರಾ. ಕಾದಂಬರಿಕಾರ ಯುಕಿಯೊ ಮಿಶಿಮಾ ಇದನ್ನು ಗ್ರೀಕ್ ದುರಂತ ನಾಟಕಕ್ಕೆ ಹೋಲಿಸಿ ಹೊಗಳಿದ್ದ. ಹೊಗಳಿಕೆ ಸ್ವಲ್ಪವೂ ಜಾಸ್ತಿ ಆಗಿಲ್ಲ.

ಈಗ ಹಾಳೆ ತೆಗೆಯಿರಿ. ನಡುವೆ ಗೆರೆ ಎಳೆದು ಒಂದು ಕಡೆ 'ಋಣ', ಇನ್ನೊಂದು ಕಡೆ 'ಕರುಳು' ಅಂತ ಬರೆಯಿರಿ. ಸಿನಿಮಾದಲ್ಲಿ ಒಡೆಯ ಹಾಸಿಗೆ ಹಿಡಿಯುತ್ತಾನೆ. ಗದ್ದುಗೆ ಯಾರಿಗೆ? ಎಲ್ಲರೂ ನಕಾಯಿ ಅನ್ನುತ್ತಾರೆ. ಕೊಜಿ ತ್ಸುರುತಾ ಆಡಿದ ಪಾತ್ರ. ಅವನು ಒಲ್ಲೆ ಅನ್ನುತ್ತಾನೆ: ನಾನು ಹೊರಗಿನಿಂದ ಬಂದವನು, ಜೈಲಿನಲ್ಲಿರುವ ಮತ್ಸುದಾಗೆ ಸಲ್ಲಬೇಕು. ಮತ್ಸುದಾ ಇವನ ಬಟ್ಟಲಣ್ಣತಮ್ಮ, ಇವನ ತಂಗಿಯ ಗಂಡ ಕೂಡ. ಆದರೆ ಚಿಕ್ಕಪ್ಪನ ಸ್ಥಾನದಲ್ಲಿರುವ ಸೆಂಬಾ ನಡುವೆ ಕೈ ಹಾಕಿ ತನ್ನ ಮಾತು ಕೇಳುವ ಇನ್ನೊಬ್ಬನನ್ನು ಕೂರಿಸುತ್ತಾನೆ. ಮತ್ಸುದಾ ಜೈಲಿನಿಂದ ಬಂದು ಕೆರಳುತ್ತಾನೆ. ಅವನ ಸಿಟ್ಟು ನ್ಯಾಯವಾದದ್ದು. ಆದರೂ ಮನೆಯ ತೀರ್ಮಾನ ತೀರ್ಮಾನವೇ ಅನ್ನುತ್ತಾನೆ ನಕಾಯಿ.

ಪ್ರತಿ ಹತ್ತು ನಿಮಿಷಕ್ಕೆ ನಿಲ್ಲಿಸಿ, ನಕಾಯಿ ಯಾರಿಗೆ ಏನು ಬಾಕಿ ಇದ್ದಾನೆ ಅಂತ ಬರೆಯಿರಿ. ಮೊದಲು ಎರಡೂ ಕಡೆ ಸಮ ಇರುತ್ತದೆ. ಆಮೇಲೆ ಋಣದ ಕಡೆ ಬೆಳೆಯುತ್ತಾ ಹೋಗುತ್ತದೆ, ಕರುಳಿನ ಕಡೆ ಒಬ್ಬೊಬ್ಬರೇ ಸಾಯುತ್ತಾ ಹೋಗುತ್ತಾರೆ. ಮಳೆಯಲ್ಲಿ ಸ್ಮಶಾನದಲ್ಲಿ ನಕಾಯಿ, ಮತ್ಸುದಾ ಇಬ್ಬರೂ ಎದುರಾಗುವ ದೃಶ್ಯ ಬಂದಾಗ ಪೆನ್ನು ಕೆಳಗಿಡಿ, ಸುಮ್ನೆ ನೋಡಿ. ಕೊನೆಯಲ್ಲಿ ಸೆಂಬಾ ನಕಾಯಿಗೆ ಹಳೆಯ ನೀತಿಯ ಮಾತು ನೆನಪಿಸುತ್ತಾನೆ. ಅಂಥದ್ದು ನನ್ನ ಹತ್ತಿರ ಇಲ್ಲ, ನಾನು ಬರೀ ಒಬ್ಬ ಕೊಲೆಗಾರ ಅನ್ನುತ್ತಾನೆ ನಕಾಯಿ. ನಿಷ್ಠೆಯನ್ನು ಹಾಡಿ ಹೊಗಳಬೇಕಾದ ಬಗೆಯ ಸಿನಿಮಾ ಹೀಗೆ ತನ್ನ ಬಾಯಿಂದಲೇ ಅದನ್ನು ಅಲ್ಲಗಳೆಯುತ್ತದೆ.

ಹೆಜ್ಜೆ 3: ಅದೇ ಬರಹಗಾರ, ಅದೇ ಚಿಕ್ಕಪ್ಪ, ಐದು ವರ್ಷದ ನಂತರ

1973. ಕಿಂಜಿ ಫುಕಾಸಾಕುನ 'ಜಿಂಗಿ ನಕಿ ತತಕಾಯ್'. ಹೆಸರಿನಲ್ಲೇ ಇದೆ ನೋಡಿ: ಜಿಂಗಿ ಇಲ್ಲದ ಕಾಳಗ. ಚಿತ್ರಕಥೆ ಅದೇ ಕಸಹರಾ. ಹಿಂದಿನ ಸಿನಿಮಾದಲ್ಲಿ ಸೆಂಬಾ ಆಗಿದ್ದ ನೊಬುವೊ ಕನೆಕೊ ಇಲ್ಲಿ ಒಡೆಯ ಯಮಮೊರಿ ಆಗಿ ಕೂತಿದ್ದಾನೆ. ಅದಕ್ಕೇ ಈ ಎರಡನ್ನೂ ಬೆನ್ನು ಬೆನ್ನಿಗೆ ನೋಡಿ ಅನ್ನುವುದು. ಅಲ್ಲಿ ಮನೆಯ ಒಂದು ಮೂಲೆಯಲ್ಲಿದ್ದ ಗೆದ್ದಲು ಇಲ್ಲಿ ಮನೆಯ ಯಜಮಾನನೇ ಆಗಿದೆ.

ಕಥೆ ನಿಜದ್ದು. ಹಿರೋಷಿಮಾ, ಕುರೆ ಊರುಗಳ ಗ್ಯಾಂಗ್ ಕಾಳಗದಲ್ಲಿದ್ದ ಕೊಝೊ ಮಿನೊ ಜೈಲಿನಲ್ಲಿ ಬರೆದಿಟ್ಟ ನೆನಪುಗಳನ್ನು ಆಧರಿಸಿ ಪತ್ರಕರ್ತ ಕೊಯಿಚಿ ಈಬೊಶಿ ಬರಹ ಬರೆದ. ಅದರಿಂದ ಸಿನಿಮಾ ಆಯಿತು. ಭೂಗತ ಲೋಕದಲ್ಲಿದ್ದವನ ನೆನಪುಗಳಿಂದ ಬಂದ ಸಿನಿಮಾ ಎಷ್ಟು ಬೇರೆಯಾಗಿರುತ್ತದೆ ಅನ್ನುವುದು 'ಆ ದಿನಗಳು' ನೋಡಿದ ಕನ್ನಡಿಗರಿಗೆ ಹೇಳಬೇಕಿಲ್ಲ.

ತೆರೆಯ ಮೇಲೆ ಮೊದಲು ಕಾಣುವುದೇ ಅಣುಬಾಂಬಿನ ಹೊಗೆಯ ಮೋಡ. ಅಲ್ಲಿಂದ ನೇರ ಕುರೆಯ ಕಾಳಸಂತೆಗೆ. ಇಲ್ಲಿ ಹಳೆಯ ನೀತಿಯೂ ಇಲ್ಲ, ಅದನ್ನು ಕಲಿಸುವ ಹಿರಿಯರೂ ಇಲ್ಲ. ಯುದ್ಧದಿಂದ ವಾಪಸ್ ಬಂದ ಹುಡುಗರು, ಹಸಿವು, ಪಿಸ್ತೂಲು. ಫುಕಾಸಾಕುಗೆ ಇದು ಓದಿ ತಿಳಿದದ್ದಲ್ಲ. ಹದಿನೈದನೇ ವಯಸ್ಸಿನಲ್ಲಿ ಮದ್ದುಗುಂಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ದಾಳಿಯಾದಾಗ ಜೊತೆಯವರ ಮೈಯಡಿ ಅಡಗಿ ಬದುಕಿದ್ದ. ದೊಡ್ಡವರ ಮಾತು ನಂಬಿದರೆ ಏನಾಗುತ್ತದೆ ಅನ್ನುವುದು ಅವನಿಗೆ ಅವತ್ತೇ ಗೊತ್ತಾಗಿತ್ತು.

ನೋಡುವಾಗ ಹೆಸರುಗಳ ಸುರಿಮಳೆಗೆ ಹೆದರಬೇಡಿ. ಚಿತ್ರ ನಿಂತು ನಿಂತು ಹೆಸರು ಬರುತ್ತದೆ, ಸತ್ತಾಗ ತಾರೀಖು ಬರುತ್ತದೆ. ಎಲ್ಲವನ್ನೂ ನೆನಪಿಡಲು ಹೋದರೆ ತಲೆ ಕೆಡುತ್ತದೆ. ಹಾಳೆಯ ಮೇಲೆ ಮೂವರನ್ನು ಬರೆದುಕೊಳ್ಳಿ: ಬುಂಟಾ ಸುಗವಾರಾ ಆಡಿದ ಹಿರೋನೊ, ಒಡೆಯ ಯಮಮೊರಿ, ಗ್ಯಾಂಗಿನೊಳಗೇ ಬೆಳೆಯುವ ಸಕಾಯಿ. ಉಳಿದವರು ಬರುತ್ತಾರೆ, ಸಾಯುತ್ತಾರೆ. ಫುಕಾಸಾಕು ಹೇಳುತ್ತಿರುವುದೂ ಅದನ್ನೇ.

ಒಂದು ದೃಶ್ಯವನ್ನು ಮಾತ್ರ ಎರಡು ಸಲ ನೋಡಿ, ಬೆರಳಿನದ್ದು. ಜೂಜಿನ ಅಡ್ಡೆಯಲ್ಲಿ ಆದ ಜಗಳಕ್ಕೆ ತಪ್ಪೊಪ್ಪಿಗೆಯಾಗಿ ಹಿರೋನೊ ಬೆರಳು ಕೊಡಬೇಕು. ಹಳೆಯ ಸಿನಿಮಾದಲ್ಲಾದರೆ ಇದು ಪೂಜೆಯ ಹಾಗೆ ನಡೆಯುತ್ತಿತ್ತು. ಇಲ್ಲಿ ಹೇಗೆ ಕತ್ತರಿಸಬೇಕು ಅಂತ ಯಾರಿಗೂ ಗೊತ್ತಿಲ್ಲ. ಒಡೆಯನ ಹೆಂಡತಿ ಹೇಳಿಕೊಡುತ್ತಾಳೆ. ಕತ್ತರಿಸಿದ ಬೆರಳು ಹಾರಿ ಅಂಗಳಕ್ಕೆ ಬೀಳುತ್ತದೆ. ಆಮೇಲೆ ಇಡೀ ಗ್ಯಾಂಗು ಬೆರಳು ಹುಡುಕುತ್ತಾ ಕೋಳಿಗಳ ನಡುವೆ ಓಡಾಡುತ್ತದೆ. ನಗು ಬರುತ್ತದೆ, ಬಂದದ್ದಕ್ಕೆ ಸ್ವಲ್ಪ ಕಸಿವಿಸಿಯೂ ಆಗುತ್ತದೆ. ಹತ್ತು ವರ್ಷ ಪೂಜೆ ಮಾಡಿದ ವಿಗ್ರಹವನ್ನು ಕೋಳಿಗೂಡಿಗೆ ಎಸೆದ ಹಾಗೆ.

ಇನ್ನು ಯಮಮೊರಿಯ ಅಳು. ಯಾರನ್ನಾದರೂ ಕೊಲ್ಲಿಸಬೇಕಾದಾಗ ಅವನು ಗದರುವುದಿಲ್ಲ. ಅಳುತ್ತಾನೆ. ನನಗೆ ಯಾರಿದ್ದಾರಪ್ಪ ಅನ್ನುವ ಹಾಗೆ. ಹಿರೋನೊ ಕರಗಿ ತಾನೇ ಹೋಗುತ್ತೇನೆ ಅನ್ನುತ್ತಾನೆ, ಜೈಲು ಸೇರುತ್ತಾನೆ. ಉಂಡ ಮನೆಯ ಜಂತೆ ಎಣಿಸಬಾರದು, ಸರಿ. ಇಲ್ಲಿ ಮನೆಯ ಯಜಮಾನನೇ ಉಂಡವರ ಎಲುಬು ಎಣಿಸುತ್ತಾನೆ! ಕೊನೆಯಲ್ಲಿ ಹಿರೋನೊ ಒಂದು ಶವಸಂಸ್ಕಾರಕ್ಕೆ ಬಂದು ಯಾರಿಗೂ ಗುಂಡು ಹಾರಿಸುವುದಿಲ್ಲ. ಹೂವು, ದೀಪ ಇಟ್ಟ ಪೀಠಕ್ಕೆ ಹಾರಿಸುತ್ತಾನೆ. ಅಲ್ಲಿ ಸತ್ತವನಿಗೆ ಮರ್ಯಾದೆ ಮಾಡುತ್ತಿರುವವರು ಅವನನ್ನು ಕೊಲ್ಲಿಸಿದವರೇ.

ಇದರ ಐದು ಭಾಗಗಳು 1973–74ರಲ್ಲೇ ಬಂದವು. ಒಟ್ಟಿಗೆ ನೋಡಬೇಡಿ, ಗೊಂದಲವಾಗುತ್ತದೆ. ಮೊದಲನೆಯದು ಹಿಡಿಸಿದರೆ ಮೂರನೆಯದಕ್ಕೆ ಬನ್ನಿ. ಅದರಲ್ಲಿ ಬಟ್ಟಲು ಅನ್ನುವುದು ಪೂರ್ತಿ ರಾಜಕೀಯದ ಒಪ್ಪಂದ ಆಗಿಬಿಟ್ಟಿರುತ್ತದೆ.

ಹೆಜ್ಜೆ 4: ಹೊಡೆದಾಟವನ್ನು ಮೂರು ಬಗೆಯಾಗಿ ನೋಡಿ

ಹಿಂಸೆ ಎಷ್ಟಿದೆ ಅಂತ ಅಳೆಯಬೇಡಿ. ಕ್ಯಾಮೆರಾ ಎಲ್ಲಿದೆ ನೋಡಿ.

ನಿಂಕ್ಯೊದಲ್ಲಿ ಕ್ಯಾಮೆರಾ ಗೌರವದಿಂದ ದೂರ ನಿಂತಿರುತ್ತದೆ. ಹಿಂಸೆ ಅಲ್ಲಿ ಆಚರಣೆ. ಫುಕಾಸಾಕುನಲ್ಲಿ ಕ್ಯಾಮೆರಾ ಕೈಯಲ್ಲಿರುತ್ತದೆ, ಜನರ ಜೊತೆ ಎಡವುತ್ತದೆ, ಓರೆಯಾಗುತ್ತದೆ. ಕೊಲ್ಲುವವನಿಗೂ ಕೈ ನಡುಗುತ್ತಿರುತ್ತದೆ, ಒಂದೇ ಏಟಿಗೆ ಯಾರೂ ಸಾಯುವುದಿಲ್ಲ. ಹಿಂಸೆ ಅಲ್ಲಿ ಗಾಬರಿ. ಕಿತಾನೊನಲ್ಲಿ ಕ್ಯಾಮೆರಾ ಅಲ್ಲಾಡುವುದೇ ಇಲ್ಲ. ಮೊದಲು ಏನಾಯಿತು ತೋರಿಸುತ್ತಾನೆ, ಆಮೇಲೆ ಏನಾಯಿತು ತೋರಿಸುತ್ತಾನೆ, ನಡುವಿನದ್ದನ್ನು ಎಷ್ಟೋ ಸಲ ನುಂಗಿಬಿಡುತ್ತಾನೆ. ಹಿಂಸೆ ಅಲ್ಲಿ ಹವಾಮಾನದ ಹಾಗೆ. ಬಂತು, ಹೋಯಿತು.

ಎದೆ ಗಟ್ಟಿ ಇಲ್ಲದವರಿಗೆ ಒಂದು ಮಾತು. ತಕಾಶಿ ಮೀಕೆಯ 2001ರ 'ಕೊರೊಶಿಯಾ ಇಚಿ' ಬಿಟ್ಟುಬಿಡಿ, ಏನೂ ನಷ್ಟವಿಲ್ಲ. ಕಿತಾನೊನ 2010ರ 'ಔಟ್‌ರೇಜ್'ನಲ್ಲಿ ಹಲ್ಲಿನ ಡಾಕ್ಟರ ಕುರ್ಚಿ ಕಂಡ ಕೂಡಲೇ ಅಡುಗೆಮನೆಗೆ ಹೋಗಿ ಕಾಫಿ ಮಾಡಿಕೊಳ್ಳಿ. ನಾನು ಹಾಗೇ ಮಾಡಿದ್ದು.

ಹೆಜ್ಜೆ 5: ಒಂದೆರಡು ಪಕ್ಕದ ಓಣಿ

ಇದು ಕಡ್ಡಾಯ ಅಲ್ಲ. ಅಕಿರಾ ಕುರೋಸಾವಾನ 1948ರ 'ಯೊಯಿದೊರೆ ತೆನ್ಶಿ'ಯಲ್ಲಿ ಕ್ಷಯ ಹಿಡಿದ ಗ್ಯಾಂಗ್‌ಸ್ಟರ್ ಆಗಿ ತೊಶಿರೊ ಮಿಫುನೆ ಇದ್ದಾನೆ. ಈ ಜೋಡಿಯ ಮೊದಲ ಸಿನಿಮಾ ಇದೇ. ಬೈಯುತ್ತಲೇ ಔಷಧಿ ಕೊಡುವ ಕುಡುಕ ಡಾಕ್ಟರ್ ಒಬ್ಬ, ಊರ ನಡುವೆ ಗಬ್ಬು ನಾರುವ ಒಂದು ಹೊಂಡ. ಗ್ಯಾಂಗಿನ ದೊಡ್ಡವನು ತನ್ನನ್ನು ದಾಳವಾಗಿ ಬಳಸುತ್ತಿದ್ದಾನೆ ಅಂತ ಆ ಹುಡುಗನಿಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

ಬಣ್ಣ ಇಷ್ಟಪಡುವವರು ಸೈಜುನ್ ಸುಝುಕಿಯ 1966ರ 'ತೋಕ್ಯೊ ನಾಗರೆಮೊನೊ' ನೋಡಿ. ತಿಳಿನೀಲಿ ಸೂಟು ಹಾಕಿದ ನಾಯಕ ಹಾಡು ಗುನುಗುತ್ತಾ ಒಡೆಯನಿಗಾಗಿ ಊರೂರು ಅಲೆಯುತ್ತಾನೆ. ಒಡೆಯ ಅವನನ್ನು ಮಾರಿಬಿಡುತ್ತಾನೆ. ಸುಝುಕಿಯ ಕಥೆಯೂ ಹಾಗೇ ಆಯಿತು ಅನ್ನಬಹುದು. ಸ್ಟುಡಿಯೋಗಾಗಿ ವರ್ಷಗಟ್ಟಲೆ ದುಡಿದ. ಅವನ ಸಿನಿಮಾ ಅರ್ಥವಾಗುವುದಿಲ್ಲ ಅಂತ 1968ರಲ್ಲಿ ನಿಕ್ಕಾತ್ಸು ಅವನನ್ನು ಕೆಲಸದಿಂದ ತೆಗೆಯಿತು. ಅವನು ಕೋರ್ಟಿಗೆ ಹೋದ.

ಹುಡುಕುವವರಿಗೆ ಒಂದು ಉಪಾಯ: ಒಂದೇ ಸಿನಿಮಾಕ್ಕೆ ಇಂಗ್ಲಿಷಿನಲ್ಲಿ ಬೇರೆ ಬೇರೆ ಹೆಸರು ಇರುತ್ತವೆ. ನಿರ್ದೇಶಕನ ಹೆಸರು, ವರ್ಷ ಸೇರಿಸಿ ಹುಡುಕಿದರೆ ದಾರಿ ತಪ್ಪುವುದಿಲ್ಲ.

ಹೆಜ್ಜೆ 6: ಈಗ ಸಮುದ್ರದ ದಂಡೆಗೆ ಹೋಗಿ

ನಾನು ಮೊದಲೇ ನೋಡಿ ಕೆಡಿಸಿಕೊಂಡ 1993ರ 'ಸೊನಾಟಿನ್'ಗೆ ಈಗ ಬನ್ನಿ. ಕಿತಾನೊ ಜಪಾನಿನ ಟಿವಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಹಾಸ್ಯಗಾರ. ಇದರಲ್ಲಿ ಅವನೇ ನಾಯಕ ಮುರಕಾವಾ. ಒಡೆಯ ಅವನನ್ನು ಓಕಿನಾವಾ ದ್ವೀಪಕ್ಕೆ ಜಗಳ ಬಿಡಿಸಲು ಕಳಿಸುತ್ತಾನೆ. ಅಸಲಿಗೆ ಇವನ ಪ್ರದೇಶದ ಮೇಲೆ ಕಣ್ಣು. ಮುರಕಾವಾಗೆ ಅನುಮಾನ ಇದ್ದೇ ಇದೆ. ಆದರೂ ಹೋಗುತ್ತಾನೆ. ಅಳುವ ಒಡೆಯರನ್ನೂ ಹೊಂಚು ಹಾಕುವ ಚಿಕ್ಕಪ್ಪಂದಿರನ್ನೂ ನೋಡಿ ಬಂದ ನಿಮಗೆ ಇದೇನೂ ಹೊಸದಲ್ಲ. ಹೊಸದು ಅವನ ದಣಿವು.

ಗುಂಡಿನ ದಾಳಿಯಾದ ಮೇಲೆ ಉಳಿದವರು ದಂಡೆಯ ಮನೆಯಲ್ಲಿ ಅಡಗುತ್ತಾರೆ. ಮಾಡಲು ಕೆಲಸವಿಲ್ಲ. ಕಾಗದದ ಸುಮೋ ಬೊಂಬೆಗಳನ್ನು ಆಡಿಸುತ್ತಾರೆ. ಆಮೇಲೆ ತಾವೇ ಮರಳಿನ ಮೇಲೆ ಆ ಬೊಂಬೆಗಳ ಹಾಗೆ ಕುಣಿಯುತ್ತಾರೆ. ಹೊಂಡ ತೋಡಿ ಒಬ್ಬರನ್ನೊಬ್ಬರು ಬೀಳಿಸುತ್ತಾರೆ. ರಾತ್ರಿ ಪಟಾಕಿ ಹಿಡಿದು ಯುದ್ಧ. ಅದರ ನಡುವೆ ಮುರಕಾವಾ ನಗುತ್ತಾ ನಿಜವಾದ ಪಿಸ್ತೂಲು ಹಾರಿಸುತ್ತಾನೆ. ಮೊದಲ ಸಲ ನನಗೆ ಇದು ಟೈಂಪಾಸ್ ಅನ್ನಿಸಿತ್ತು. ಎರಡನೇ ಸಲ ನೋಡಿದಾಗ ಗೊತ್ತಾಯಿತು. ಒಡೆಯನಿಂದ ದೂರ, ಬಟ್ಟಲಿನ ಲೆಕ್ಕವಿಲ್ಲದ ಜಾಗದಲ್ಲಿ ಮಾತ್ರ ಇವರು ಗೆಳೆಯರಾಗಿದ್ದಾರೆ. ಗ್ಯಾಂಗು ಕೊಡುತ್ತೇನೆ ಅಂತ ಹೇಳಿ ಯಾವತ್ತೂ ಕೊಡದ ಅಣ್ಣತಮ್ಮಂದಿರ ಮನೆ ಸಿಕ್ಕಿರುವುದು ಸಾವು ಕಾಯುತ್ತಿರುವ ಈ ದಂಡೆಯಲ್ಲಿ. ಕೊನೆಯ ದೊಡ್ಡ ಗುಂಡಿನ ಕಾಳಗವನ್ನು ಕಿತಾನೊ ಹೆಚ್ಚಾಗಿ ಹೊರಗಿನಿಂದಲೇ ತೋರಿಸುತ್ತಾನೆ. ಕತ್ತಲ ಕಿಟಕಿಗಳಲ್ಲಿ ಬೆಳಕು ಮಿಂಚಿ ಆರುತ್ತದೆ, ಅಷ್ಟೇ.

ಹೆಜ್ಜೆ 7: ಪರದೆಯ ಆಚೆ ನೋಡಿ

ಇಷ್ಟೆಲ್ಲ ನೋಡುವಾಗ ಯಾಕುಝಾ ಮೇಲೆ ಸ್ವಲ್ಪ ಪ್ರೀತಿ ಹುಟ್ಟುತ್ತದೆ. ಅದನ್ನು ಇಳಿಸಲು ಜುಝೊ ಇತಾಮಿಯ 1992ರ 'ಮಿಂಬೊ' ಇದೆ. ಹೋಟೆಲ್ಲಿಗೆ ನುಗ್ಗಿ ವಸೂಲಿ ಮಾಡುವ ಗೂಂಡಾಗಳನ್ನು ಒಬ್ಬಳು ವಕೀಲೆ ಎದುರಿಸುವ ಕಥೆ. ಹೆದರದಿದ್ದರೆ ಇವರ ಆಟ ನಡೆಯುವುದಿಲ್ಲ ಅಂತ ನಗಿಸುತ್ತಾ ಹೇಳುತ್ತದೆ. ಬಿಡುಗಡೆಯಾಗಿ ಒಂದು ವಾರವೂ ಆಗಿರಲಿಲ್ಲ, ನಿಜವಾದ ಯಾಕುಝಾಗಳು ಇತಾಮಿಯ ಮನೆ ಹತ್ತಿರ ಬಂದು ಅವನ ಮುಖ ಕೊಯ್ದರು. ಹಾಡು ಹಿನ್ನೆಲೆಯಲ್ಲಿ ಬರುವ ನಡಿಗೆ ಇಷ್ಟವಾಗುತ್ತಿತ್ತು ಅವರಿಗೆ, ಇದು ಆಗಲಿಲ್ಲ.

ಅದೇ 1992ರಲ್ಲಿ ಗ್ಯಾಂಗುಗಳ ವಿರುದ್ಧ ಕಾನೂನು ಜಾರಿಗೆ ಬಂತು. 2011ರ ಹೊತ್ತಿಗೆ ಜಪಾನಿನ ಎಲ್ಲ ಪ್ರಾಂತ್ಯಗಳೂ ಇವರ ಜೊತೆ ವ್ಯವಹಾರ ಮಾಡುವುದನ್ನೇ ತಡೆದವು. ಬ್ಯಾಂಕ್ ಖಾತೆ, ಬಾಡಿಗೆ ಮನೆ, ಮೊಬೈಲ್ ಎಲ್ಲವೂ ಕಷ್ಟ. 1963ರಲ್ಲಿ 1,84,000ದಷ್ಟಿದ್ದವರು ಈಗ ಅದರ ಒಂದು ಸಣ್ಣ ಪಾಲು ಮಾತ್ರ.

ಹಾಗಾಗಿ ಕೊನೆಯ ಸಿನಿಮಾ ಮಿವಾ ನಿಶಿಕಾವಾಳ 2020ರ 'ಸುಬರಾಶಿಕಿ ಸೆಕಾಯ್'. ಹದಿಮೂರು ವರ್ಷ ಜೈಲಿನಲ್ಲಿದ್ದು ಹೊರಬಂದ ಮಿಕಾಮಿ ಆಗಿ ಕೊಜಿ ಯಾಕುಶೊ. ಅವನಿಗೆ ಈಗ ಒಡೆಯನೂ ಇಲ್ಲ, ಬಟ್ಟಲೂ ಇಲ್ಲ. ಬೇಕಿರುವುದು ಡ್ರೈವಿಂಗ್ ಲೈಸೆನ್ಸ್, ಒಂದು ಕೆಲಸ. ಜೈಲಿನಲ್ಲಿ ಹೊಲಿಗೆ ಕಲಿತಿದ್ದಾನೆ, ಚೆನ್ನಾಗಿಯೇ ಹೊಲಿಯುತ್ತಾನೆ. ಬೀದಿಯಲ್ಲಿ ಅನ್ಯಾಯ ಕಂಡರೆ ಕೈ ಎದ್ದುಬಿಡುತ್ತದೆ, ಅದೊಂದೇ ತೊಂದರೆ. ಕೊನೆಗೆ ವೃದ್ಧರ ಆರೈಕೆ ಮನೆಯಲ್ಲಿ ಕೆಲಸ ಸಿಗುತ್ತದೆ. ಅಲ್ಲೊಬ್ಬ ಬುದ್ಧಿ ನಿಧಾನವಿರುವ ಹುಡುಗ, ಜೊತೆ ಕೆಲಸಗಾರ. ಉಳಿದವರು ಅವನನ್ನು ಆಡಿಕೊಂಡು ನಗುತ್ತಾರೆ, ಮಿಕಾಮಿಯನ್ನೂ ನಗಲು ಕರೆಯುತ್ತಾರೆ. ನಾವು ಇಷ್ಟು ವಾರ ನೋಡಿದ ಎಲ್ಲ ನಾಯಕರೂ ಈ ಹೊತ್ತಿಗೆ ಎದ್ದು ನಿಲ್ಲುತ್ತಿದ್ದರು. ಯಾಕುಶೊನ ಮುಖ ನೋಡಿ. ದವಡೆ ಬಿಗಿಯುತ್ತದೆ. ಆಮೇಲೆ ಅವನು ಕಷ್ಟಪಟ್ಟು ಅವರ ಜೊತೆ ನಗುತ್ತಾನೆ.